ಕ್ಯಾರವಾನ್ ಮಾಡಿನ ಮೇಲೆ ಹೊಸ ಎಸಿ ಏರಿಸುವುದು ಹೇಗೆ?

ಮಂಗಳೂರಿನಲ್ಲಿದ್ದೇನೆ, ಕ್ಯಾರವಾನ್‌ನ ಹಳೆ ಎಸಿ ಕೆಟ್ಟಿದೆ, ಹೊಸದನ್ನು ಇಬ್ಬರೇ ಏಣಿ ಹಾಕಿ ಮೇಲೇರಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಇಂಥ ಎಸಿ ಸಾಮಾನ್ಯವಾಗಿ 35ರಿಂದ 45 ಕೆಜಿ ತೂಗುತ್ತದೆ, ಹಿಡಿಯಲು ಸರಿಯಾದ ಜಾಗವೂ ಇರುವುದಿಲ್ಲ. ಏಣಿ ಮೇಲೆ ಕೈ ಜಾರಿದರೆ ಕೆಳಗಿದ್ದವರ ಗತಿ ಏನು?

ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆ ಫೋರ್ಕ್‌ಲಿಫ್ಟ್ ಇರುವವರನ್ನು ವಿಚಾರಿಸಿ. ಬಾಕ್ಸ್ ಸಮೇತ ಪ್ಯಾಲೆಟ್ (ಸಾಮಾನು ಇಟ್ಟು ಎತ್ತುವ ಹಲಗೆಯ ಚೌಕಟ್ಟು) ಮೇಲಿಟ್ಟು ಎತ್ತಿದರೆ ಸ್ವಲ್ಪ ಹೊತ್ತಿನ ಕೆಲಸ. ಎಸಿ ನೆಟ್ಟಗೇ ಇರಲಿ, ಮಗ್ಗುಲಾದರೆ ಕಂಪ್ರೆಸರ್ ಆಯಿಲ್ ಪೈಪಿಗೆ ಹೋಗುತ್ತದೆ. ಮಾಡಿನ ಮೇಲೆ ಹತ್ತಿದವರು ಪ್ಲೈವುಡ್ ಹಾಸಿಕೊಂಡೇ ಕೂರಲಿ. ಕರೆಂಟ್ ಸಂಪರ್ಕ ಮೊದಲೇ ತೆಗೆಯಿರಿ.

ಜಾಸ್ತಿ ಗಮನ ಬೇಕಾದ್ದು ಗ್ಯಾಸ್ಕೆಟ್‌ಗೆ. ಎಸಿಯ ತಳದಲ್ಲಿ ಚೌಕಾಕಾರದ ಸ್ಪಂಜಿನ ಪಟ್ಟಿ ಇರುತ್ತದಲ್ವಾ, ಅದೇ. ಎಸಿಯನ್ನು ಮಾಡಿನ ಮೇಲೆ ಸುಮ್ನೆ ಎಳೆದರೆ ಅದು ಹರಿಯುತ್ತದೆ. ಮಾಡಿನಲ್ಲಿ ಎಸಿಗೆಂದೇ ಇರುವ ತೂತಿನ ಮೇಲೆ ಎತ್ತಿಯೇ ಕೂರಿಸಬೇಕು. ತೂತು ಹೆಚ್ಚಾಗಿ 14 ಇಂಚು ಚೌಕ ಇರುತ್ತದೆ, ಕೊಳ್ಳುವ ಮುಂಚೆ ಅಳೆದು ನೋಡಿ. ಹಳೆ ಅಂಟು ಪೂರ್ತಿ ಕೆರೆದು ಒರೆಸಿ. ಆಮೇಲೆ ಒಳಗಿನಿಂದ ನಾಲ್ಕೂ ಬೋಲ್ಟ್‌ಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪಟ್ಟಿ ಸುಮಾರು ಅರ್ಧ ದಪ್ಪಕ್ಕೆ ಇಳಿದಾಗ ನಿಲ್ಲಿಸಿ. ಇನ್ನೂ ಬಿಗಿದರೆ ಮಾಡು ತಗ್ಗಾಗಿ ನೀರು ನಿಲ್ಲುತ್ತದೆ. ಗ್ಯಾಸ್ಕೆಟ್‌ಗೆ ಸಿಲಿಕೋನ್ ಬಳಿಯಬೇಡಿ.

ಜೂನ್‌ಗೆ ಮುಂಚೆಯೇ ಮುಗಿಸಿ. ನಮ್ಮ ಕಡೆಯ ಮಳೆಗೆ ಆ ತೂತು ತೆರೆದಿದ್ದರೆ ಒಳಗೆ ಹಾಸಿಗೆಯೆಲ್ಲ ಒದ್ದೆ. ಕೊನೆಗೆ ಸುತ್ತಲೂ ಒಂದೆರಡು ಕೊಡ ನೀರು ಸುರಿದು, ಒಳಗೆ ಸೋರುತ್ತದಾ ನೋಡಿ.