ಓದುಗರ ಪ್ರಶ್ನೆ: ಕೈರೋದಲ್ಲಿ ಗುಂಡೇಟಿಗೆ ಬಲಿಯಾದ ಪ್ರಧಾನಿ

ಪ್ರಶ್ನೆ: ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬೂತ್ರೋಸ್ ಬೂತ್ರೋಸ್ ಘಾಲಿ ಅವರ ತಾತ ಈಜಿಪ್ಟಿನ ಪ್ರಧಾನಿಯಾಗಿದ್ದರಂತೆ. ಕ್ರೈಸ್ತರೆಂಬ ಕಾರಣಕ್ಕೆ ಅವರನ್ನು ಕೊಂದರೆಂದು ಮಗಳ ಪರೀಕ್ಷಾ ಕೈಪಿಡಿಯಲ್ಲಿ ಓದಿದೆ. ಇದು ನಿಜವೇ ಸರ್?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಪ್ರಧಾನಿಯಾಗಿದ್ದುದೂ ನಿಜ, ಕೊಲೆಯಾದದ್ದೂ ನಿಜ. ಆದರೆ ಕಾರಣವನ್ನು ಆ ಕೈಪಿಡಿ ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಇಷ್ಟು ವರ್ಷ ಶಿಕಾರಿಪುರದ ಸುತ್ತಮುತ್ತ ಇತಿಹಾಸ ಪಾಠ ಮಾಡಿದವನು ನಾನು. ಮಕ್ಕಳು ಇಂತಹ ಸಾಲುಗಳನ್ನೇ ಬಾಯಿಪಾಠ ಮಾಡುತ್ತಾರೆ. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೂತ್ರೋಸ್ ಘಾಲಿ ಪಾಷಾ ಹುಟ್ಟಿದ್ದು 1846ರಲ್ಲಿ, ಈಜಿಪ್ಟಿನ ಪ್ರಾಚೀನ ಕ್ರೈಸ್ತ ಸಮುದಾಯವಾದ ಕಾಪ್ಟರ ಮನೆಯಲ್ಲಿ. ತಂದೆ ರಾಜಮನೆತನದವರ ಜಮೀನಿನ ಪಾರುಪತ್ತೇಗಾರರು. ಮಗ ಭಾಷೆಗಳನ್ನು ಕಲಿತು, ಶಾಲಾಮಾಸ್ತರನಾಗಿ, ಗುಮಾಸ್ತನಾಗಿ, ನ್ಯಾಯ ಇಲಾಖೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. 1893ರಲ್ಲಿ ಹಣಕಾಸು ಮಂತ್ರಿ, ಮರುವರ್ಷ ವಿದೇಶಾಂಗ ಮಂತ್ರಿ, 1908ರ ನವೆಂಬರಿನಲ್ಲಿ ಪ್ರಧಾನಿ. ಹೆಸರಿಗೆ ದೇಶ ಖೆದಿವ್ ಎಂಬ ಬಿರುದಿನ ಅರಸನದು. ಆದರೆ 1882ರಲ್ಲಿ ಬ್ರಿಟಿಷ್ ಸೈನ್ಯ ಬಂದು ಕುಳಿತ ಮೇಲೆ ಅವರ ಮಾತನ್ನು ಮೀರಿ ಯಾವ ಮಂತ್ರಿಯೂ ಉಳಿಯುವಂತಿರಲಿಲ್ಲ. ಇಬ್ಬರಿಗೂ ಬೇಕಾದವರಾಗಿ ಉಳಿಯುವ ಜಾಣ್ಮೆ ಘಾಲಿಯವರಿಗಿತ್ತು. ಆ ಜಾಣ್ಮೆಯೇ ಅವರಿಂದ ಕೆಲವು ಕಾಗದಗಳಿಗೆ ಸಹಿ ಹಾಕಿಸಿತು.

1899ರಲ್ಲಿ ಸೂಡಾನನ್ನು ಬ್ರಿಟನ್ನಿನೊಂದಿಗೆ ಜಂಟಿಯಾಗಿ ಆಳುವ ಒಪ್ಪಂದಕ್ಕೆ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಲಾರ್ಡ್ ಕ್ರೋಮರ್ ಜೊತೆ ಸಹಿ ಹಾಕಿದವರು ಅವರೇ. ಜಂಟಿ ಎಂಬುದು ಮಾತಿಗಷ್ಟೇ. ಅಧಿಕಾರವೆಲ್ಲ ಬ್ರಿಟಿಷರ ಕೈಯಲ್ಲಿತ್ತು. 1909ರಲ್ಲಿ, ಅವರು ಪ್ರಧಾನಿಯಾಗಿದ್ದಾಗ, ಪತ್ರಿಕೆಗಳ ಬಾಯಿ ಕಟ್ಟುವ 1881ರ ಹಳೆಯ ಕಾನೂನು ಮತ್ತೆ ಜಾರಿಗೆ ಬಂತು. ಇವೆರಡನ್ನೂ ಜನ ಹೇಗೋ ಸಹಿಸಿಕೊಳ್ಳುತ್ತಿದ್ದರೇನೋ. ದೆನ್ಶವಾಯಿಯನ್ನು ಮಾತ್ರ ಸಹಿಸಲಿಲ್ಲ, ಸಹಿಸಬೇಕಾಗಿಯೂ ಇರಲಿಲ್ಲ.

ದೆನ್ಶವಾಯಿ ನೈಲ್ ನದಿಯ ಮುಖಜಭೂಮಿಯ ಒಂದು ಹಳ್ಳಿ. ಅಲ್ಲಿನ ರೈತರು ಪಾರಿವಾಳ ಸಾಕುತ್ತಿದ್ದರು. ಅದು ಅವರ ಜೀವನೋಪಾಯ. 1906ರ ಜೂನ್ 13ರಂದು ಬ್ರಿಟಿಷ್ ಅಧಿಕಾರಿಗಳು ಮೋಜಿಗಾಗಿ ಆ ಪಾರಿವಾಳಗಳನ್ನು ಬೇಟೆಯಾಡಲು ಬಂದರು. ಕಣದಲ್ಲಿದ್ದ ಫಸಲಿಗೆ ಬೆಂಕಿ ಬಿತ್ತು, ಹೆಂಗಸೊಬ್ಬಳಿಗೆ ಗುಂಡು ತಗುಲಿತು, ರೈತರು ಬಡಿಗೆ ಹಿಡಿದು ಮುಗಿಬಿದ್ದರು. ಪೆಟ್ಟು ತಿಂದ ಅಧಿಕಾರಿಯೊಬ್ಬ ಉರಿಬಿಸಿಲಿನಲ್ಲಿ ಶಿಬಿರದ ಕಡೆಗೆ ಓಡುತ್ತಾ ಹೋಗಿ ದಾರಿಯಲ್ಲಿ ಸತ್ತ. ಇದರ ವಿಚಾರಣೆಗೆ ಕೂಡಿದ್ದು ವಿಶೇಷ ನ್ಯಾಯಮಂಡಲಿ. ಅದರ ತೀರ್ಪಿಗೆ ಮೇಲ್ಮನವಿಯೇ ಇಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ನಾಲ್ವರನ್ನು ಅವರದೇ ಊರಿನಲ್ಲಿ, ಹೆಂಡತಿ ಮಕ್ಕಳ ಕಣ್ಣೆದುರು ಗಲ್ಲಿಗೇರಿಸಿದರು. ಇನ್ನು ಹಲವರಿಗೆ ಛಡಿಯೇಟು, ಸೆರೆವಾಸ. ಆ ನ್ಯಾಯಮಂಡಲಿಯ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತಿದ್ದವರು ಬೂತ್ರೋಸ್ ಘಾಲಿ. ಅವರ ಆಡಳಿತ ನೈಪುಣ್ಯವನ್ನು ಎಷ್ಟು ಹೊಗಳಿದರೂ ಈ ಕಳಂಕ ತೊಳೆದುಹೋಗದು ಎಂದೇ ನಾನು ತಿಳಿದಿದ್ದೇನೆ.

1910ರ ಫೆಬ್ರುವರಿ 20ರಂದು ಕಚೇರಿಯಿಂದ ಹೊರಬಂದು ಗಾಡಿ ಏರುವ ಹೊತ್ತಿಗೆ ಇಬ್ರಾಹಿಂ ನಾಸಿಫ್ ಅಲ್ ವರ್ದಾನಿ ಎಂಬ ಯುವಕ ಅವರಿಗೆ ಗುಂಡು ಹೊಡೆದ. ಶಸ್ತ್ರಚಿಕಿತ್ಸೆ ಫಲಿಸದೆ ಅವರು ಮರುದಿನ ತೀರಿಕೊಂಡರು. ಸ್ವಿಟ್ಜರ್ಲೆಂಡಿನಲ್ಲಿ ಓದಿ ಬಂದ ಔಷಧತಜ್ಞ ವರ್ದಾನಿ ಓಡಿಹೋಗಿ ತಪ್ಪಿಸಿಕೊಳ್ಳಲಿಲ್ಲ, ಕಾರಣವನ್ನೂ ಮುಚ್ಚಿಡಲಿಲ್ಲ. ಸೂಡಾನ್, ದೆನ್ಶವಾಯಿ, ಪತ್ರಿಕಾ ಕಾನೂನು, ಸೂಯೆಜ್ ಕಾಲುವೆ: ಅವನು ಕೊಟ್ಟ ಪಟ್ಟಿ ಇದು. ಧರ್ಮದ ಮಾತು ಅದರಲ್ಲಿಲ್ಲ. ಆ ಜೂನಿನಲ್ಲಿ ಅವನನ್ನು ಗಲ್ಲಿಗೇರಿಸಿದರು.

ಆದರೆ ಬೀದಿಯಲ್ಲಿ ಕೆಲವರು, ಕ್ರೈಸ್ತನನ್ನು ಕೊಂದವನು ವರ್ದಾನಿ ಎಂದು ಹಾಡು ಕಟ್ಟಿ ಹಾಡಿದರು. ಕಾಪ್ಟರು ಹೆದರಿದರು, ನೊಂದರು. 1911ರಲ್ಲಿ ಅಸ್ಯೂಟ್ ಪಟ್ಟಣದಲ್ಲಿ ತಮ್ಮದೇ ಸಮ್ಮೇಳನ ನಡೆಸಿದರು, ಅದಕ್ಕೆ ಎದುರಾಗಿ ಮುಸ್ಲಿಮರ ಮುಂದಾಳತ್ವದಲ್ಲಿ ಇನ್ನೊಂದು ನಡೆಯಿತು. ಕೈಪಿಡಿಯ ಸಾಲು ಹುಟ್ಟಿರುವುದು ಈ ಬೀದಿಯ ಹಾಡಿನಿಂದ. ನಿಮ್ಮ ಮಗಳಿಗೆ ಹೇಳಿ: ಅವರು ಸಹಿ ಹಾಕಿದ ಕಾಗದಗಳನ್ನು ಮೊದಲು ಓದಲಿ.

ಪ್ರಶ್ನೆ: ದೆನ್ಶವಾಯಿಯನ್ನು ನಮ್ಮ ಈಸೂರಿಗೆ ಹೋಲಿಸುವುದು ಸರಿಯೇ?
– ವಿದ್ಯಾರ್ಥಿ, ಶಿರಾಳಕೊಪ್ಪ

ಉತ್ತರ: ಅರ್ಧ ಸರಿ. ಎರಡೂ ಕಡೆ ರೈತರ ಊರು, ಎರಡೂ ಕಡೆ ಗಲ್ಲು. ಆದರೆ ದೆನ್ಶವಾಯಿಯವರು ಬಂಡಾಯ ಹೂಡಿರಲಿಲ್ಲ, ತಮ್ಮ ಹಕ್ಕಿಗಳನ್ನು ಉಳಿಸಿಕೊಳ್ಳಲು ಹೋದರು. ಈಸೂರಿನವರು 1942ರಲ್ಲಿ ತಿಳಿದೇ ಸ್ವಾತಂತ್ರ್ಯ ಸಾರಿದರು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಸೆಪ್ಟೆಂಬರಿನ ಘರ್ಷಣೆಯಲ್ಲಿ ಸತ್ತ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಇಂಗ್ಲಿಷರಲ್ಲ, ಕನ್ನಡಿಗರು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ನನ್ನ ದೃಷ್ಟಿಯಲ್ಲಿ ಈಸೂರಿನ ಅಮಲ್ದಾರರನ್ನೂ ಘಾಲಿಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಬ್ಬರು ಮೇಲಿನ ಆಜ್ಞೆ ಪಾಲಿಸಲು ಊರಿಗೆ ಬಂದ ತಾಲ್ಲೂಕು ಅಧಿಕಾರಿ. ಇನ್ನೊಬ್ಬರು ಮಂತ್ರಿ, ಆ ಕುರ್ಚಿ ಬೇಡವೆನ್ನುವ ಎತ್ತರದಲ್ಲಿದ್ದವರು.

ಪ್ರಶ್ನೆ: ಸೂಯೆಜ್ ವಿಷಯದಲ್ಲಿ ಘಾಲಿಯವರ ತಪ್ಪೇನು?
– ಓದುಗರು, ಸಾಗರ

ಉತ್ತರ: ಕಾಲುವೆ ಕಂಪನಿಯ ಗುತ್ತಿಗೆ 1968ಕ್ಕೆ ಮುಗಿಯಬೇಕಿತ್ತು. ಖಜಾನೆಗೆ ಹಣ ಬರುವುದೆಂದು ಅದನ್ನು ಇನ್ನೂ 40 ವರ್ಷ, ಅಂದರೆ 2008ರವರೆಗೆ, ಬೆಳೆಸುವ ಪ್ರಸ್ತಾಪವನ್ನು ಅವರ ಸರ್ಕಾರ ಮುಂದಿಟ್ಟಿತು. ಅವರ ಸಾವಿನ ನಂತರ, 1910ರ ಏಪ್ರಿಲಿನಲ್ಲಿ, ಈಜಿಪ್ಟಿನ ಮಹಾಸಭೆ ಅದನ್ನು ತಿರಸ್ಕರಿಸಿತು. 1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸೆರ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದಾಗ ಹಳೆಯ ಗುತ್ತಿಗೆಯಲ್ಲಿ ಉಳಿದಿದ್ದದ್ದು ಹನ್ನೆರಡು ವರ್ಷ.