ಆಸ್ಪತ್ರೆ ರೇಡಿಯೋ ಸೇರಿದರೆ ದುಡ್ಡು ಎತ್ತಲು ಕೂಡ ಹೋಗಬೇಕಾ?

ಹೋಗಬೇಕಾಗುತ್ತದೆ. ಬ್ರಿಟನ್‌ಗೆ ಓದಲು ಬಂದಿದ್ದೀರಿ, ಇಲ್ಲಿನ ಆಸ್ಪತ್ರೆ ರೇಡಿಯೋದಲ್ಲಿ, ಅಂದರೆ ಆಸ್ಪತ್ರೆಯ ರೋಗಿಗಳಿಗಾಗಿ ಸ್ವಯಂಸೇವಕರು ನಡೆಸುವ ರೇಡಿಯೋದಲ್ಲಿ, ಮಾತಾಡುವ ಆಸೆ ಇದೆ, ಆದರೆ ಚಂದಾ ಎತ್ತುವ ಕೆಲಸ ಬೇಡ ಅಂದಿದ್ದೀರಿ. ಅಂಥ ಒಂದು ಕೇಂದ್ರದಲ್ಲಿ ಆರು ವರ್ಷದಿಂದ ಇದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಮೈಕ್ ಬೇಗ ಸಿಗುವುದಿಲ್ಲ. ಮೊದಲು ಡಿಬಿಎಸ್ ಅಂತ ಪೊಲೀಸ್ ದಾಖಲೆಯ ತಪಾಸಣೆ. ಆಮೇಲೆ ತರಬೇತಿ, ಆಮೇಲೆ ವಾರ್ಡು. ಕೈ ಶುಚಿ ಮಾಡಿಕೊಂಡು, ನರ್ಸನ್ನು ಕೇಳಿಕೊಂಡು, ಹಾಸಿಗೆಯಿಂದ ಹಾಸಿಗೆಗೆ ಹೋಗಿ 'ಯಾವ ಹಾಡು ಹಾಕಲಿ?' ಅಂತ ಬರೆದುಕೊಳ್ಳಬೇಕು. ಹಾಡು ಸುಮ್ನೆ ನೆಪ. ಸಂಜೆ ನೋಡಲು ಯಾರೂ ಬಾರದವರು ಅರ್ಧ ಗಂಟೆ ಮಾತಾಡಿ, ಕೊನೆಗೆ 'ಯಾವುದಾದರೂ ಹಾಕಪ್ಪಾ' ಅನ್ನುವ ಧಾಟಿಯಲ್ಲಿ ಬೀಳ್ಕೊಡುತ್ತಾರೆ. 'ನಿಮಗೇನಾಗಿದೆ?' ಅಂತ ಮಾತ್ರ ಕೇಳಬಾರದು. ನಮ್ಮಲ್ಲಿ ಹಾಡು ಹಾಕುವಾಗ ಮೊದಲ ಹೆಸರಷ್ಟೇ ಹೇಳುತ್ತೇವೆ, ಕಾಯಿಲೆಯ ಮಾತೇ ಇಲ್ಲ.

ಒಮ್ಮೆ ಫೇಡರ್, ಅಂದರೆ ಮೈಕ್‌ನ ದನಿ ಏರಿಸುವ ಗುಂಡಿ, ಏರಿಸುವುದನ್ನೇ ಮರೆತು ಇಪ್ಪತ್ತು ನಿಮಿಷ ಹರಟಿದ್ದೆ. ಒಬ್ಬರೂ ಫೋನ್ ಮಾಡಲಿಲ್ಲ. ತಪ್ಪಿಗಿಂತ ಅದೇ ಜಾಸ್ತಿ ಚುಚ್ಚಿತು!

ಈಗ ದುಡ್ಡಿನ ವಿಷಯ. 1925ರಲ್ಲಿ ಯಾರ್ಕ್‌ನ ಆಸ್ಪತ್ರೆಯಲ್ಲಿ ಹಾಸಿಗೆಗಳ ಪಕ್ಕ ಹೆಡ್‌ಫೋನ್ ಬಂದವು. ಇಲ್ಲಿ ಇದು ಅಷ್ಟು ಹಳೆಯದು. ಆದರೂ ಇದನ್ನು ಸರ್ಕಾರವೇ ನಡೆಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಕೇಂದ್ರಗಳು ಪ್ರತ್ಯೇಕ ದತ್ತಿ ಸಂಸ್ಥೆಗಳು. ಹಾಡು ಹಾಕುವ ಪರವಾನಗಿ, ವಿಮೆ, ಕೆಟ್ಟುಹೋದ ಸೌಂಡ್ ಮಿಕ್ಸರ್, ಎಲ್ಲಕ್ಕೂ ನಾವೇ ದುಡ್ಡು ಹೊಂದಿಸಬೇಕು.

ಅದಕ್ಕೇ ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಬಕೆಟ್ ಹಿಡಿದು ನಿಲ್ಲುವುದು. ಅಂಗಡಿಯವರ ಒಪ್ಪಿಗೆ ಬೇಕು, ಬೀದಿಯಲ್ಲಾದರೆ ಕೌನ್ಸಿಲ್ (ಸ್ಥಳೀಯ ಆಡಳಿತ) ಪರವಾನಗಿ. ಬಕೆಟ್‌ಗೆ ಸೀಲ್ ಇರಬೇಕು, ಒಡೆದು ಎಣಿಸುವಾಗ ಇಬ್ಬರಿರಬೇಕು. ಗಲಗಲ ಅಲ್ಲಾಡಿಸಿದರೆ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಫಾರಂ ತುಂಬಿದರೆ ಒಂದು ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸೇರುತ್ತದೆ. ಫಾರಂ ಜೊತೆಗಿಟ್ಟುಕೊಳ್ಳಿ.

ಶುರುವಿನಲ್ಲಿ ನಾನು 'ಆಸ್ಪತ್ರೆ ರೇಡಿಯೋಗೆ ಕೊಡಿ' ಅನ್ನುತ್ತಿದ್ದೆ. 'ಈಗ ಫೋನಲ್ಲೇ ಹಾಡು ಬರುತ್ತಲ್ಲ' ಅಂತ ಹೊರಟುಬಿಡುತ್ತಿದ್ದರು. ಸರಿಯಾದ ಮಾತೇ, ಅಲ್ವಾ? ವಾರ್ಡ್ ಸುತ್ತುವ ಕಥೆ ಹೇಳಲು ಶುರು ಮಾಡಿದ ಮೇಲೆ ಜನ ನಿಂತರು. 'ನಮ್ಮಮ್ಮ ಅಲ್ಲೇ ಇದ್ದರು' ಅಂತ ಒಬ್ಬರು ನೋಟನ್ನೇ ಹಾಕಿದರು. ವಾರ್ಡ್ ಸುತ್ತದವನಿಗೆ ಈ ಕಥೆ ಹೇಳಲು ಬರುವುದಿಲ್ಲ. ಹಾಗಾಗಿ ಎರಡು ಕೆಲಸವೂ ಒಂದೇ ಅನ್ನಿಸಿದೆ ನನಗೆ.

ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ವಾರದಲ್ಲಿ ಎಷ್ಟು ದಿನ ವಾರ್ಡಿಗೆ ಹೋಗುತ್ತೀರಿ? 'ಈಗ ಆನ್‌ಲೈನ್ ಮಾತ್ರ' ಅಂದರೆ, ನಾನಾದರೆ ಬೇರೆ ಕೇಂದ್ರ ಹುಡುಕುತ್ತೇನೆ.