ಬಾಡಿಗೆ ಸೈನಿಕರ ನಿಯತ್ತು: ಮೊದಲು ಸಂಬಳದ ಲೆಕ್ಕ ಕೇಳಿ

ಪ್ರಶ್ನೆ: ಮಧ್ಯಯುಗದ ಯುರೋಪಿನಲ್ಲಿ ವಿದೇಶಿ ಬಾಡಿಗೆ ಸೈನಿಕರು ಕರೆಸಿದ ದೊರೆಗೇ ತಿರುಗಿಬೀಳುತ್ತಿದ್ದರಂತೆ. ದುಡ್ಡಿಗೆ ಬಂದವರಿಗೆ ನಿಯತ್ತು ಎಲ್ಲಿರುತ್ತದೆ, ಅಲ್ವಾ?

ಉತ್ತರ: ಈ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಒಪ್ಪಿದ ಸಂಬಳ ಕೊಟ್ಟಿದ್ದರಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕ್ಯಾಟಲನ್ ಕಂಪನಿಯನ್ನೇ ನೋಡಿ, ಅಂದರೆ ಈಗಿನ ಸ್ಪೇನಿನ ಕ್ಯಾಟಲೋನಿಯಾ ಕಡೆಯ ಬಾಡಿಗೆ ಸೈನಿಕರ ದಂಡು. 1302ರಲ್ಲಿ ಸಿಸಿಲಿಯ ಯುದ್ಧ ಮುಗಿದು ಇವರಿಗೆ ಕೆಲಸ ಇಲ್ಲದಾಯಿತು. ಮರುವರ್ಷ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಬೈಜಾಂಟಿಯಂ ಚಕ್ರವರ್ತಿ ಎರಡನೇ ಆಂಡ್ರೊನಿಕಸ್ ತುರ್ಕರ ಮೇಲೆ ಕಾದಲು ಕರೆಸಿಕೊಂಡ. ಇವರ ನಾಯಕ ರೋಜರ್ ಡಿ ಫ್ಲೋರ್‌ಗೆ ಸೋದರಿಯ ಮಗಳನ್ನೇ ಕೊಟ್ಟು ಮದುವೆ ಮಾಡಿದ. ಇವರೂ 1304ರಲ್ಲಿ ಫಿಲಡೆಲ್ಫಿಯಾದ ಮುತ್ತಿಗೆ ಬಿಡಿಸಿದರು. ಆದರೆ ಖಜಾನೆ ಖಾಲಿ. ಸಂಬಳ ತಡವಾಯಿತು, ಬಂದಿದ್ದೂ ಚಿನ್ನ ಕಡಿಮೆ ಮಾಡಿದ ನಾಣ್ಯ. ಇವರು ಊರುಗಳನ್ನು ದೋಚತೊಡಗಿದರು. ಸಾಧುಗಳೇನಲ್ಲ, ಒಪ್ಪುತ್ತೇನೆ. 1305ರಲ್ಲಿ ಚಕ್ರವರ್ತಿಯ ಮಗ ಮೈಕೆಲ್‌ನ ಅತಿಥಿಯಾಗಿ ಹೋದ ರೋಜರ್ ಅಲ್ಲೇ ಕೊಲೆಯಾದ. ಆಮೇಲೆ ಕಂಪನಿ ಥ್ರೇಸ್ ಪ್ರಾಂತ್ಯವನ್ನು ಹಾಳುಗೆಡವಿತು. ‘ದ್ರೋಹಿಗಳು’ ಅಂತ ವಿಡಿಯೊ ಮಾಡುವ ಮಹಾಶಯರು ಈ ಕೊಲೆಯನ್ನು ಹೇಗೋ ಮರೆತುಬಿಡುತ್ತಾರೆ.

ಅಥೆನ್ಸ್‌ನ ಡ್ಯೂಕ್ ವಾಲ್ಟರ್‌ಗೆ ಇದೆಲ್ಲ ಗೊತ್ತಿರಲೇಬೇಕಿತ್ತು. ಆದರೂ 1310ರಲ್ಲಿ ಇವರನ್ನೇ ಕರೆಸಿದ. ಇವರು ಅವನಿಗೆ ಥೆಸಲಿಯ ಕೋಟೆಗಳನ್ನು ಗೆದ್ದುಕೊಟ್ಟರು. ಕೆಲಸ ಮುಗಿದ ಮೇಲೆ ಸುಮಾರು 500 ಜನರನ್ನು ಆರಿಸಿ ಇಟ್ಟುಕೊಂಡು, ಉಳಿದವರಿಗೆ ಬಾಕಿ ಸಂಬಳ ಕೊಡದೆ ‘ಹೊರಡಿ’ ಅಂದ! ಮರುವರ್ಷ ಮಾರ್ಚ್‌ನಲ್ಲಿ ಯುದ್ಧವಾಯಿತು. ಡ್ಯೂಕನ ಕುದುರೆಗಳು ಜವುಗಿನಲ್ಲಿ ಹೂತುಕೊಂಡವು, ಅವನೂ ಸತ್ತ. ಆರಿಸಿ ಇಟ್ಟುಕೊಂಡಿದ್ದವರು ಸಹ ಯುದ್ಧಕ್ಕೆ ಮುಂಚೆ ತಮ್ಮವರ ಕಡೆಗೇ ಹೋದರು ಅಂತ ಮೊದಲು ಇದೇ ಕಂಪನಿಯಲ್ಲಿದ್ದ ಮುಂಟಾನೆರ್ ಬರೆದಿದ್ದಾನೆ. ಅಥೆನ್ಸ್ 70 ವರ್ಷಕ್ಕೂ ಜಾಸ್ತಿ ಕ್ಯಾಟಲನ್ನರ ಕೈಯಲ್ಲಿತ್ತು. ಬಾಕಿ ತೀರಿಸಿದ್ದರೆ ಎಷ್ಟು ಅಗ್ಗವಾಗುತ್ತಿತ್ತು!

ಪ್ರಶ್ನೆ: 1346ರ ಕ್ರೆಸಿ ಯುದ್ಧದಲ್ಲಿ ಜಿನೋವಾದ ಅಡ್ಡಬಿಲ್ಲುಗಾರರು ಹೇಡಿಗಳಾಗಿ ಓಡಿದರಂತೆ?

ಉತ್ತರ: ಅವರ ದೊಡ್ಡ ಗುರಾಣಿಗಳು ಹಿಂದೆ ಸಾಮಾನಿನ ಗಾಡಿಗಳಲ್ಲಿದ್ದವು. ಅವು ಬರುವ ಮೊದಲೇ ಅವರನ್ನು ಮುಂದಕ್ಕೆ ನೂಕಿದ್ದು ಬಾಡಿಗೆಗೆ ಕರೆಸಿದ್ದ ಫ್ರೆಂಚರು, ಹಿಂದೆ ಸರಿದಾಗ ತುಳಿದು ಕೊಂದಿದ್ದೂ ಫ್ರೆಂಚರೇ.

ಪ್ರಶ್ನೆ: 1440ರಲ್ಲಿ ಇಟಲಿಯಲ್ಲಿ ನಡೆದ ಆಂಗಿಯಾರಿ ಯುದ್ಧದಲ್ಲಿ ಒಬ್ಬನೇ ಸತ್ತನಂತೆ, ಬಾಡಿಗೆಯವರದು ಬರೀ ನಾಟಕವಾ?

ಉತ್ತರ: ಹಾಗೆ ಬರೆದವನು ಇಟಲಿಯ ರಾಜಕೀಯ ಲೇಖಕ ಮಾಕಿಯಾವೆಲ್ಲಿ. ಅವನು ಹುಟ್ಟಿದ್ದು 1469ರಲ್ಲಿ, ಬಾಡಿಗೆ ಸೈನ್ಯವನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಪ್ರಶ್ನೆ: ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯನ್ನು ಕಾಯುತ್ತಿದ್ದ, ಉತ್ತರ ಯುರೋಪಿನಿಂದ ಬಂದ ವರಂಗಿಯನ್ ಕಾವಲು ಪಡೆಯವರು ಕೊಂಬಿನ ಶಿರಸ್ತ್ರಾಣ ಹಾಕುತ್ತಿದ್ದರಾ?

ಉತ್ತರ: ಇಲ್ಲ. ಮತ್ತೆ ಕೇಳಬೇಡಿ.